ನಿಂಬೆಯ ಹುಳುವೂ ಮನುಷ್ಯನ ವರ್ಣತಂತುವೂ

ಇಂಡಿ ಸೀಮೆಯ ನಿಂಬೆದೋಟಗಳ ಒಕ್ಕಲಿಗರಿಗೆ ಹಿಟ್ಟು ತಿಗಣೆಯ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಮೈಗೆ ಬಿಳಿಯ ಹಿಟ್ಟನ್ನು ಬಳಿದುಕೊಂಡಂತೆ ತೋರುವ ಈ ಕ್ಷುದ್ರ ಕೀಟವು ಗಿಡದ ಸಂದಿಗಳಲ್ಲಿ ಕುಳಿತು ರಸವನ್ನು ಹೀರುವದು. ಇದರಲ್ಲಿ ನಿಂಬೆಯ ಕುಲದ ಹೆಸರನ್ನೇ ಹೊತ್ತ ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿಯು ಮನುಷ್ಯನ ಜನ್ಮರಹಸ್ಯದ ವಿಚಾರಕ್ಕೂ ನೆರವಾಯಿತೆಂಬದು ಮಾತ್ರ ಬಹುಜನರಿಗೆ ತಿಳಿಯದು.

ದೇಹದ ಜೀವಕೋಶಗಳಲ್ಲಿ ವರ್ಣತಂತುಗಳೆಂಬ ಎಳೆಗಳಿರುವವು. ಬಣ್ಣವನ್ನು ಹಿಡಿದು ಸೂಕ್ಷ್ಮದರ್ಶಕದಲ್ಲಿ ಕಾಣುವದರಿಂದ ಆ ಹೆಸರು ಅನ್ವರ್ಥಕವೇ ಸರಿ. ಅವುಗಳಲ್ಲಿ ಅರ್ಧ ತಂದೆಯವು, ಅರ್ಧ ತಾಯಿಯವು. ಹಿಟ್ಟು ತಿಗಣೆಯ ಗಂಡಿನಲ್ಲಿ ತಂದೆಯ ಪಾಲಿನ ತಂತುಗಳೆಲ್ಲ ಮುದುಡಿಕೊಂಡು ಮೂಕವಾಗಿರುವವು. ತಾಯಿಯ ಪಾಲೇ ಸಂಸಾರವನ್ನು ನಡೆಯಿಸುವದು. 1961ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಪೆನ್ಸರ್ ಬ್ರೌನ್ ಮತ್ತು ನೆಲ್ಸನ್-ರೀಸ್ ಎಂಬವರು ತಂದೆಹುಳುಗಳ ಮೇಲೆ ಪ್ರಬಲವಾದ ಕ್ಷ-ಕಿರಣಗಳನ್ನು ಹಾಯಿಸಿದ ಪ್ರಯೋಗವನ್ನು ಪ್ರಕಟಿಸಿದರು. ಹೆಣ್ಣು ಸಂತತಿಯು ಅಳಿಯಿತು, ಗಂಡು ಉಳಿಯಿತು. ಕೆಟ್ಟುಹೋದ ಪಿತ್ರಾರ್ಜಿತವು ಗಂಡಿನಲ್ಲಿ ಹೇಗೂ ಮೂಕವಾಗಿದ್ದುದರಿಂದ ಅವಕ್ಕೆ ಅದರ ಬಾಧೆಯು ತಟ್ಟಲಿಲ್ಲ.

ಈ ಬ್ರೌನರ ಬಳಿಯಲ್ಲಿ ಅಭ್ಯಾಸ ಮಾಡಿದವರು ಎಚ್. ಶರತ್ ಚಂದ್ರರು. ಇದೇ ಹುಳುವಿನ ಮೇಲಣ ಅವರ ಪ್ರಬಂಧಗಳು 1963ರಲ್ಲಿ 'ಕ್ರೋಮೊಸೋಮಾ' ಪತ್ರಿಕೆಯಲ್ಲಿ ಬಂದವು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಅವರು, 1975ರಲ್ಲಿ ಬ್ರೌನರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ತಂತುವಿನ ಮೇಲೆ ಅದರ ಮೂಲವನ್ನು ಸಾರುವ ಮುದ್ರೆಯು ಬೀಳುವದೆಂಬ ವಿಚಾರವನ್ನು ಸಸ್ತನಿಗಳಿಗೂ ಹಚ್ಚಿ ನೋಡಿದರು. ಹುಳುವಿನ ಸುದ್ದಿಯಿಂದ ಮನುಷ್ಯನಿಗೇನೆಂದು ಕೇಳುವವರು 1989ರ ಶೋಧವನ್ನು ಗಮನಿಸಬೇಕು. ಪ್ರಾಡರ್-ವಿಲ್ಲಿ ಎಂಬ ರೋಗದ ಕೆಲವು ಮಕ್ಕಳಲ್ಲಿ ಹದಿನೈದನೆಯ ತಂತುವಿನ ಎರಡು ಪ್ರತಿಗಳೂ ತಾಯಿಯವೇ ಆಗಿದ್ದವು. ಎಣಿಕೆ ಸರಿಯಾಗಿದ್ದರೂ ತಂದೆಯ ಮುದ್ರೆಯಿಲ್ಲದ್ದೇ ವ್ಯಾಧಿಗೆ ಕಾರಣ. ಶರತ್ ಚಂದ್ರರು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರೂ ಆದರು.

ಎಣಿಕೆಯ ಕಥೆಯೂ ವಿಚಿತ್ರವಾದದ್ದು. ಮನುಷ್ಯನಿಗೆ 48 ತಂತುಗಳೆಂದು ಪಂಡಿತರು ಮೂವತ್ತು ವರುಷ ನಂಬಿದ್ದರು. 46 ಎಂದು ಜಿಯೊ ಮತ್ತು ಲೆವಾನ್ ತೋರಿಸಿದ್ದು 1956ರಲ್ಲಿ. ಕಣ್ಣಿಗೆ ಬಿದ್ದುದನ್ನು ಎಣಿಸದೆ ಪೂರ್ವಿಕರ ಲೆಕ್ಕವನ್ನು ಒಪ್ಪುವ ರೋಗವು ಪಾಠಶಾಲೆಗಳಿಗೆ ಮಾತ್ರ ಮೀಸಲಲ್ಲ! 1959ರಲ್ಲಿ ಫ್ರಾನ್ಸಿನ ಲೆಜೂನ್, ಗೋತಿಯೆ, ಟರ್ಪಿನ್ ಇವರು ಡೌನ್ ಲಕ್ಷಣದ ಮಕ್ಕಳಲ್ಲಿ 47 ತಂತುಗಳನ್ನು ಕಂಡರು. 1966ರಲ್ಲಿ ಗರ್ಭಜಲದ ಕೋಶಗಳನ್ನು ಬೆಳೆಯಿಸಿ ತಂತುಗಳನ್ನು ನೋಡುವ ವಿಧಾನವೂ ದೊರೆಯಿತು.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುಶಿಕ್ಷಿತ ಮನೆತನಗಳಲ್ಲಿಯೂ ಮಗುವಿನಲ್ಲಿ ಊನ ಕಂಡರೆ ಬೆರಳು ಸೊಸೆಯ ಕಡೆಗೇ ತಿರುಗುವದುಂಟು. ಡೌನ್ ಲಕ್ಷಣದಲ್ಲಿ ಹೆಚ್ಚಿನ ತಂತುವು ಬಹುಮಟ್ಟಿಗೆ ಅಂಡದಿಂದಲೇ ಬರುವದು, ತಾಯಿಯ ವಯಸ್ಸಿನೊಡನೆ ಆ ಸಂಭವವೂ ಏರುವದು, ಇದು ನಿಜ. ಒಮ್ಮೊಮ್ಮೆ ತಂದೆಯಿಂದಲೂ ಬರುವದು. ಅಂಡವು ಪಕ್ವವಾಗುವಾಗ ಜೋಡಿ ತಂತುಗಳು ಬೇರ್ಪಡದೆ ಉಳಿಯುವದೇ ಇದರ ಕಾರಣ. ಆಕೆಯ ನಡತೆಗೂ, ಉಂಡ ಅನ್ನಕ್ಕೂ, ಗ್ರಹಣದಲ್ಲಿ ಹೊರಗೆ ಬಂದುದಕ್ಕೂ ಇದರ ಸಂಬಂಧವಿಲ್ಲ. ಸೋದರಮಾವನಿಗೆ ಹೆಣ್ಣು ಕೊಡುವ ವಾಡಿಕೆಯಿಂದ ಬೇರೆ ಕೆಲವು ಆನುವಂಶಿಕ ರೋಗಗಳು ಹೆಚ್ಚುವವಾದರೂ ಈ ಎಣಿಕೆಯ ದೋಷಕ್ಕೆ ಅದನ್ನು ಹೊಣೆಮಾಡಲಾಗದು. ಅದೇ ಗರ್ಭಜಲವು ಶಿಶುವಿನ ಲಿಂಗವನ್ನೂ ಹೇಳುವದರಿಂದ 1994ರ ಕಾಯಿದೆಯು ತಂತುದೋಷದ ಪರೀಕ್ಷೆಗೆ ಎಡೆಗೊಟ್ಟು, ಲಿಂಗವನ್ನು ತಿಳಿಸುವದನ್ನು ನಿಷೇಧಿಸಿತು.

ರಕ್ತದ ಕ್ಯಾನ್ಸರಿನ ಮಾತು ಇನ್ನೊಂದು ತೆರನು. 1960ರಲ್ಲಿ ಫಿಲಡೆಲ್ಫಿಯಾದ ನೋವೆಲ್, ಹಂಗರ್‌ಫರ್ಡ್ ಇವರು ದೀರ್ಘಕಾಲಿಕ ಮಯಲಾಯ್ಡ್ ಲ್ಯುಕೇಮಿಯಾದ ರೋಗಿಗಳಲ್ಲಿ ಗಿಡ್ಡಾದ ಒಂದು ತಂತುವನ್ನು ಕಂಡರು. ಮುರಿದ ತುಂಡು ಎಲ್ಲಿ ಹೋಯಿತೆಂಬದು ಹದಿಮೂರು ವರುಷ ಬಗೆಹರಿಯಲಿಲ್ಲ. ಶಿಕಾಗೋದ ಜಾನೆಟ್ ರೌಲಿ ಎಂಬ ವೈದ್ಯೆಯು ಮನೆಯ ಊಟದ ಮೇಜಿನ ಮೇಲೆ ತಂತುಗಳ ಚಿತ್ರಗಳನ್ನು ಕತ್ತರಿಸಿ ಜೋಡಿಸುತ್ತಿದ್ದರೆ ಮಕ್ಕಳು ಕಾಗದದ ಗೊಂಬೆಯಾಟವೆಂದು ನಗುತ್ತಿದ್ದರಂತೆ. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿರುವವೆಂದು 1973ರಲ್ಲಿ ಆಕೆ ಸಿದ್ಧಪಡಿಸಿದಳು. ಆ ಬೆಸುಗೆಯಿಂದ ಹುಟ್ಟುವ ದುಷ್ಟ ಪ್ರೋಟೀನನ್ನೇ ತಡೆಯುವ ಇಮಾಟಿನಿಬ್ ಎಂಬ ಗುಳಿಗೆಗೆ 2001ರಲ್ಲಿ ಅಮೇರಿಕೆಯ ಮಂಜೂರಾತಿ ಸಿಕ್ಕಿತು.

ಈ ಅದಲುಬದಲು ಹುಟ್ಟಿನಿಂದ ಬಂದದ್ದಲ್ಲ. ಅಸ್ಥಿಮಜ್ಜೆಯ ಒಂದು ಕೋಶದಲ್ಲಿ ಆಯುಷ್ಯದ ನಡುವೆ ಘಟಿಸಿ ಅದರ ಸಂತತಿಯಲ್ಲಿ ಮಾತ್ರ ಹಬ್ಬುವದು. ರಕ್ತದಲ್ಲಿ ರೋಗವಿದೆಯೆಂದು ಹೆಣ್ಣು ಕೊಡಲು ತರಲು ಹಿಂಜರಿಯುವವರು ಇದನ್ನು ತಿಳಿಯತಕ್ಕದ್ದು: ಈ ರೋಗಿಯ ಮಕ್ಕಳಿಗೆ ಒಂಬತ್ತನೆಯ, ಇಪ್ಪತ್ತೆರಡನೆಯ ತಂತುಗಳಲ್ಲಿ ಈ ಬೆಸುಗೆಯು ದಾಟಿ ಬರುವದಿಲ್ಲ.