ಅಲಬಾಮದ ಕೌದಿ: ಹರಕು ಬಟ್ಟೆಯಿಂದ ಸಹಕಾರ ಸಂಘದವರೆಗೆ

ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ದಾರ ಓಡಿಸಿ ಹೊಲಿಯುವ ಕೌದಿ ಕನ್ನಡಿಗರಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ ಎಲ್ಲರನ್ನೂ ಬೆಚ್ಚಗಿಟ್ಟದ್ದು ಈ ಹೊದಿಕೆಯೇ. ಆದರೆ ಅದನ್ನು ಅಂಗಡಿಯಲ್ಲಿಟ್ಟು ಮಾರಬಹುದೆಂದು ಹೊಲಿದವರು ಬಹುಕಾಲ ಯೋಚಿಸಲಿಲ್ಲ. ಮನೆಯ ಹೊಲಿಗೆ ಯಾವಾಗ ಉದ್ಯೋಗವಾಗುತ್ತದೆ? ಆದಾಗ ಹೊಲಿದವಳ ಕೈಗೆ ಬರುವುದೇನು, ಕೈತಪ್ಪುವುದೇನು? ಅಮೆರಿಕದ ಅಲಬಾಮ ರಾಜ್ಯದ ಬಡ ಕಪ್ಪು ಹೆಂಗಸರು 1966ರಲ್ಲಿ ಕಟ್ಟಿದ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘದ ಚರಿತ್ರೆಯಲ್ಲಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಬಹುದು. ‘ಕ್ವಿಲ್ಟ್’ ಎಂದರೆ ನಮ್ಮ ಕೌದಿಯಂಥ ಹೊದಿಕೆ. ‘ಬೀ’ ಎಂಬುದಕ್ಕೆ ಇಲ್ಲಿ ಜೇನುಹುಳು ಎಂಬ ಅರ್ಥವಿಲ್ಲ. ನಮ್ಮ ಮುಯ್ಯಾಳಿನಂತೆ ನೆರೆಹೊರೆಯವರು ಕೂಡಿ ಮಾಡುವ ಕೆಲಸ ಎಂದರ್ಥ. ‘ಫ್ರೀಡಂ’ ಎಂಬ ಮಾತು ಆ ಹೆಸರಿಗೆ ಸುಮ್ಮನೆ ಸೇರಿಕೊಂಡದ್ದಲ್ಲ.

ನದಿಯ ತಿರುವಿನ ಊರು

ಅಲಬಾಮ ನದಿ ವಿಲ್ಕಾಕ್ಸ್ ಕೌಂಟಿಯಲ್ಲಿ ದೊಡ್ಡದೊಂದು ಬಳಸು ಹಾಕಿ ಹರಿಯುತ್ತದೆ. ಮೂರು ಕಡೆ ನೀರಿನಿಂದ ಸುತ್ತುವರಿದ ಆ ನೆಲಕ್ಕೆ ‘ಗೀಸ್ ಬೆಂಡ್’, ಅಂದರೆ ಗೀಯ ತಿರುವು ಎಂದು ಹೆಸರು. ಜೋಸೆಫ್ ಗೀ ಎಂಬಾತ 1816ರಲ್ಲಿ ಅಲ್ಲಿ ಹತ್ತಿಯ ತೋಟ ಮಾಡಿದ. ಮುಂದೆ ಅದು ಪೆಟ್ವೇ ಎಂಬ ಮನೆತನದ ಕೈಸೇರಿತು. ದುಡಿಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. 1865ರಲ್ಲಿ ಗುಲಾಮಗಿರಿ ಮುಗಿದ ಮೇಲೂ ಅವರು ಅಲ್ಲೇ ಪಾಲಿಗೆ ಉಳುವ ರೈತರಾಗಿ ಉಳಿದರು. ಯಜಮಾನನ ಅಡ್ಡಹೆಸರೇ ಅವರದೂ ಆಯಿತು. ಇಂದಿಗೂ ಆ ಊರಿನಲ್ಲಿ ಮನೆ ಮನೆಗೆ ಪೆಟ್ವೇಗಳು ಸಿಗುತ್ತಾರೆ.

ಹತ್ತಿಯ ಬೆಲೆ ಕುಸಿದ 1930ರ ದಶಕದ ಆರಂಭದಲ್ಲಿ ಈ ಜನ ಉಪವಾಸದ ಅಂಚಿಗೆ ಬಂದರು. 1932ರಲ್ಲಿ ಸಾಲ ಕೊಟ್ಟಿದ್ದ ವ್ಯಾಪಾರಿಯ ಮನೆಯವರು ಬಾಕಿಗಾಗಿ ದನಕರು, ನೇಗಿಲು, ಕಾಳುಕಡ್ಡಿ ಎಲ್ಲವನ್ನೂ ಎತ್ತಿಕೊಂಡು ಹೋದರು. ರೆಡ್‌ಕ್ರಾಸ್ ಕಳಿಸಿದ ಹಿಟ್ಟಿನಿಂದ ಆ ಚಳಿಗಾಲ ಕಳೆಯಿತು. ಬಳಿಕ ಕೇಂದ್ರ ಸರ್ಕಾರ ಆ ಭೂಮಿಯನ್ನು ಕೊಂಡು, ಕಡಿಮೆ ಬಡ್ಡಿಯ ಸಾಲದ ಮೇಲೆ ಒಕ್ಕಲುಗಳಿಗೇ ಮಾರಿತು. ಹೀಗೆ ಗೀಸ್ ಬೆಂಡಿನ ಹಲವರು ಭೂಮಾಲೀಕರಾದರು. ಸುತ್ತಲಿನ ಊರುಗಳ ಕಪ್ಪು ರೈತರು ಪರರ ಹೊಲದಲ್ಲೇ ಉಳಿದರು. ಮುಂದಿನ ಕಥೆಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಆ ಊರುಗಳ ಹಲಗೆಯ ಮನೆಗಳಲ್ಲಿ ಸಂದುಸಂದಿನಿಂದ ಚಳಿಗಾಳಿ ನುಗ್ಗುತ್ತಿತ್ತು. ಮೊಣಕಾಲು ಸವೆದ ಡೆನಿಮ್ ಪ್ಯಾಂಟು, ಹಳೆಯ ಅಂಗಿ, ಹಿಟ್ಟಿನ ಮತ್ತು ಗೊಬ್ಬರದ ಚೀಲ, ಏನು ಸಿಕ್ಕಿತೋ ಅದನ್ನು ಕತ್ತರಿಸಿ ಜೋಡಿಸುತ್ತಿದ್ದರು. ಜಿನ್ನಿನ ನೆಲದ ಮೇಲೆ ಉಳಿದ ಹತ್ತಿಯನ್ನು ಬಡಿದು ನಡುವೆ ತುಂಬುತ್ತಿದ್ದರು. 1942ರಲ್ಲಿ ಮಿಸೌರಿ ಪೆಟ್ವೇ ಎಂಬಾಕೆ ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೆಲ್ಲ ಸೇರಿಸಿ ಒಂದು ಹೊದಿಕೆ ಹೊಲಿದಳು. ಅದನ್ನು ಹೊದ್ದು ಅವನ ನೆನಪಿನಲ್ಲಿ ಮಲಗುವುದು ಆಕೆಯ ಬಯಕೆಯಾಗಿತ್ತು. ಅಜ್ಜಿಯ ಸೀರೆಯ ಕೌದಿಯನ್ನು ಪೆಟ್ಟಿಗೆಯಲ್ಲಿ ಕಾಪಾಡಿಕೊಂಡ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಗ್ಗದ ಮೇಲಿನ ಹೊದಿಕೆಗಳು

ವಿಲ್ಕಾಕ್ಸ್ ಕೌಂಟಿಯ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ. ಆದರೂ 1965ರ ಆರಂಭದಲ್ಲಿ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಹೆಸರು ಬರೆಸಲು ನದಿ ದಾಟಿ ಕ್ಯಾಮ್ಡೆನ್ ಪಟ್ಟಣಕ್ಕೆ ಹೋಗಬೇಕಿತ್ತು. 1962ರಲ್ಲಿ ಆ ದೋಣಿಯನ್ನೇ ನಿಲ್ಲಿಸಲಾಯಿತು. ಎದುರು ದಂಡೆಯಲ್ಲಿ ಕಾಣುವ ಊರಿಗೆ ಒಂದು ಗಂಟೆಗೂ ಹೆಚ್ಚು ಹೊತ್ತು ರಸ್ತೆ ಸುತ್ತಿ ಹೋಗಬೇಕಾಯಿತು. 1965ರ ಫೆಬ್ರುವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗೀಸ್ ಬೆಂಡಿಗೆ ಬಂದು ಮಾತನಾಡಿದರು. ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಕಾಯ್ದೆಯನ್ನು ನಂಬಿ ಹೆಸರು ಬರೆಸಿದ ಪಾಲುಗಾರರನ್ನು ಜಮೀನ್ದಾರರು ಹೊಲದಿಂದಲೂ ಮನೆಯಿಂದಲೂ ಹೊರಹಾಕತೊಡಗಿದರು.

ಈ ದೌರ್ಜನ್ಯಗಳ ವಿವರ ಕಲೆಹಾಕಲು ತಿರುಗುತ್ತಿದ್ದ ಫ್ರಾನ್ಸಿಸ್ ವಾಲ್ಟರ್ ಎಂಬ ಬಿಳಿಯ ಪಾದ್ರಿ 1965ರ ಡಿಸೆಂಬರ್‌ನಲ್ಲಿ ಪಾಸಮ್ ಬೆಂಡ್ ಎಂಬ ಹಳ್ಳಿಯಲ್ಲಿ ಒಂದು ಗುಡಿಸಲಿನ ಮುಂದೆ ಬಟ್ಟೆ ಒಣಹಾಕುವ ಹಗ್ಗದ ಮೇಲೆ ಮೂರು ಕ್ವಿಲ್ಟ್‌ಗಳನ್ನು ಕಂಡರು. ಕೇಳೋಣವೆಂದು ಕಾರು ನಿಲ್ಲಿಸಿದರೆ, ಅಪರಿಚಿತ ಬಿಳಿಯನನ್ನು ಕಂಡ ಮನೆಯಾಕೆ ಕಾಡಿನೊಳಗೆ ಓಡಿಹೋದಳು. ಬಿಳಿಯರ ಬಗ್ಗೆ ಆಗ ಅಷ್ಟು ಭಯವಿತ್ತು. ವಾಲ್ಟರ್ ಪರಿಚಿತರೊಂದಿಗೆ ಮರಳಿ ಬಂದರು. ದೊರೆತ ಸಣ್ಣ ಅನುದಾನದಿಂದ ತಲಾ ಹತ್ತು ಡಾಲರ್ ಕೊಟ್ಟು ಹೊದಿಕೆಗಳನ್ನು ಕೊಂಡರು. ಅಲ್ಲಿಯವರೆಗೆ ಯಾರಾದರೂ ಕೊಂಡಿದ್ದರೆ ಅದರ ಅರ್ಧ ಬೆಲೆಯೂ ಸಿಗುತ್ತಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಅವುಗಳನ್ನು ಹರಾಜು ಹಾಕಿ ಬಂದ ಹಣ ಹೊಲಿದವರ ಸಂಘಕ್ಕೇ ಸೇರಬೇಕೆಂಬುದು ಯೋಜನೆ. 1966ರ ಮಾರ್ಚ್‌ನಲ್ಲಿ ಅರವತ್ತಕ್ಕೂ ಹೆಚ್ಚು ಹೆಂಗಸರು ಸಭೆ ಸೇರಿ ಸಂಘ ಕಟ್ಟಿದರು. ಎಸ್ಟೆಲ್ ವಿದರ್‌ಸ್ಪೂನ್ ಎಂಬಾಕೆ ಮುಂದಾಳಾದರು. ಮುಂದೆ ಎರಡು ದಶಕ ಸಂಘದ ಆಡಳಿತ ಆಕೆಯ ಕೈಯಲ್ಲಿತ್ತು.

ಅಳತೆಪಟ್ಟಿ ಬಂದ ಮೇಲೆ

ನ್ಯೂಯಾರ್ಕ್‌ನ ಶ್ರೀಮಂತರ ಮನೆಗಳಲ್ಲಿ ಆಗಷ್ಟೇ ತೇಪೆ ಹೊದಿಕೆಯ ಶೋಕಿ ಶುರುವಾಗಿತ್ತು. ಫ್ಯಾಷನ್ ಪತ್ರಿಕೆ ‘ವೋಗ್’ನಲ್ಲಿ ಸಂಘದ ಹೆಸರು ಬಂತು, ‘ಬ್ಲೂಮಿಂಗ್‌ಡೇಲ್ಸ್’ ಎಂಬ ದೊಡ್ಡ ಅಂಗಡಿ ಸರಕು ತರಿಸಿತು. ಆದರೆ ಅಂಗಡಿಯ ನಿಯಮ ಬೇರೆ. ಇಂದು ತೋರಿಸಿದ ಮಾದರಿಯೇ ಆರು ತಿಂಗಳ ನಂತರವೂ ಬರಬೇಕು. ಅಳತೆ ಒಂದೇ ಇರಬೇಕು, ಬಣ್ಣ ಹೊಂದಬೇಕು, ಹೊಲಿಗೆ ಸಣ್ಣದಾಗಿ ಸಮನಾಗಿರಬೇಕು. ಮನೆಯಲ್ಲಿ ಹೊಲಿಯುವವಳಿಗೆ ಕೈಗೆ ಸಿಕ್ಕ ತುಂಡೇ ವಿನ್ಯಾಸ ಹೇಳಿಕೊಡುತ್ತಿತ್ತು. ಈಗ ಹೊಸ ಬಟ್ಟೆ ಕೊಂಡು, ‘ಕರಡಿಯ ಪಂಜ’, ‘ಅಜ್ಜಿಯ ಕನಸು’ ಎಂಬಂಥ ಗೊತ್ತಾದ ನಮೂನೆಗಳನ್ನು ಅಳತೆಪಟ್ಟಿ ಇಟ್ಟು ಕತ್ತರಿಸಬೇಕಾಯಿತು. ಕೆಲವರು ಈ ಶಿಸ್ತನ್ನು ಕಲಿತರು. ತನ್ನ ರೀತಿಯೇ ತನಗೆ ಎಂದುಕೊಂಡವರು ಮನೆಯಲ್ಲೇ ಹೊಲಿದುಕೊಂಡಿದ್ದರು.

ಇನ್ನೊಂದು ತೊಡಕು ಲೆಕ್ಕದ್ದು. ಕೈಹೊಲಿಗೆಯ ದೊಡ್ಡ ಹೊದಿಕೆಗೆ ವಾರಗಟ್ಟಲೆ ದುಡಿಮೆ ಬೇಕು. ಗಂಟೆಗಿಷ್ಟು ಎಂದು ನ್ಯಾಯವಾದ ಕೂಲಿ ಹಿಡಿದರೆ ಕೊಳ್ಳುವವರು ಹಿಂಜರಿಯುತ್ತಾರೆ. ಕೊಳ್ಳುವವರಿಗೆ ಒಪ್ಪುವ ಬೆಲೆ ಇಟ್ಟರೆ ಕೂಲಿ ಸೊರಗುತ್ತದೆ. ಹೊಲಿಗೆಯನ್ನು ಉದ್ಯೋಗ ಮಾಡಿಕೊಂಡ ಎಲ್ಲರನ್ನೂ, ಎಲ್ಲ ಕಾಲದಲ್ಲೂ ಕಾಡಿದ ಗಂಟು ಇದು. ಸಂಘಕ್ಕೆ ದಾರಿ ಸಿಕ್ಕಿದ್ದು 1972ರಲ್ಲಿ, ‘ಸಿಯರ್ಸ್’ ಕಂಪನಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಗವಸುಗಳನ್ನು ಹೊಲಿದುಕೊಡಲು ಗುತ್ತಿಗೆ ಕೊಟ್ಟಾಗ. ಅದು ಯಂತ್ರದ ಹೊಲಿಗೆ, ಒಂದರಂತೆ ಇನ್ನೊಂದು, ಕಲ್ಪನೆಗೆ ಅಲ್ಲಿ ಜಾಗವಿಲ್ಲ. ಆದರೆ ಕೂಲಿ ತಪ್ಪದೆ ಬರುತ್ತಿತ್ತು. ತಮಾಷೆಯೆಂದರೆ, ಆ ಕೆಲಸದಲ್ಲಿ ಉಳಿದ ಕಾರ್ಡುರಾಯ್ ಚೂರುಗಳನ್ನು ಹೆಂಗಸರು ಮನೆಗೆ ಒಯ್ದು ತಮ್ಮಿಚ್ಛೆಯ ಹೊದಿಕೆ ಹೊಲಿದರು. ಹೊನ್ನಿನ ಬಣ್ಣ, ಎಲೆಹಸಿರು, ಕಿತ್ತಳೆ, ಕೆಂಪು ಪಟ್ಟಿಗಳ ಆ ಹೊದಿಕೆಗಳೇ ಮುಂದೆ ಕಲಾಪ್ರಿಯರ ಕಣ್ಣು ಸೆಳೆದವು.

ಸಂಘದ ನಿಜವಾದ ಸಾಧನೆ ಇರುವುದು ಬೇರೆಡೆ. 1968ರಲ್ಲಿ ಅದು ಸುಮಾರು 23 ಎಕರೆ ಭೂಮಿ ಕೊಂಡಿತು. ಮತದಾರರಾಗಲು ಹೋಗಿ ಮನೆ ಕಳೆದುಕೊಂಡ ಕೆಲವು ಕುಟುಂಬಗಳಿಗೆ ಅದರಲ್ಲೇ ನಿವೇಶನ ಮಾರಿತು. 1969ರಲ್ಲಿ ಕಿಂಗ್ ಅವರ ಹೆಸರಿನಲ್ಲಿ ಹೊಲಿಗೆ ಕೇಂದ್ರದ ಕಟ್ಟಡ ಎದ್ದಿತು. ಕೆಲಸಕ್ಕೆ ಬರುವ ತಾಯಂದಿರ ಮಕ್ಕಳಿಗಾಗಿ ಶಿಶುವಿಹಾರವೂ ಬಂತು. ಜಮೀನ್ದಾರನ ಮರ್ಜಿಯಿಲ್ಲದೆ ಬರುವ ಕೂಲಿ ಎಂದರೆ ಆ ಕೌಂಟಿಯಲ್ಲಿ ಮತ ಹಾಕುವ ಧೈರ್ಯವೇ ಆಗಿತ್ತು.

ಗೋಡೆ ಏರಿದ ಹೊದಿಕೆ

2002ರಲ್ಲಿ ಹೂಸ್ಟನ್‌ನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿ ಗೀಸ್ ಬೆಂಡಿನ ಹೊದಿಕೆಗಳ ಪ್ರದರ್ಶನ ನಡೆಯಿತು. ನಂತರ ಅದು ನ್ಯೂಯಾರ್ಕ್‌ನ ವಿಟ್ನಿ ಸಂಗ್ರಹಾಲಯಕ್ಕೂ ಹೋಯಿತು. ವಿಮರ್ಶಕರು ಅವುಗಳನ್ನು ಆಧುನಿಕ ಚಿತ್ರಕಲೆಯ ಸಾಲಿನಲ್ಲಿಟ್ಟು ಮೆಚ್ಚಿದರು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಹತ್ತು ಅಂಚೆಚೀಟಿ ತಂದಿತು. ಅದೇ ವರ್ಷ, 44 ವರ್ಷಗಳ ತರುವಾಯ, ಕ್ಯಾಮ್ಡೆನ್‌ಗೆ ದೋಣಿ ಮತ್ತೆ ಹೊರಟಿತು. ಗಮನಿಸಬೇಕಾದ ಸಂಗತಿಯೆಂದರೆ, ಗೋಡೆ ಏರಿದವುಗಳಲ್ಲಿ ಹೆಚ್ಚಿನವು ಅಂಗಡಿಯ ಅಳತೆಗೆ ಹೊಲಿದವಲ್ಲ. ಮನೆಯವರು ಹೊದೆಯಲೆಂದು ಹೊಲಿದ, ಮೊದಲು ಮಾರುಕಟ್ಟೆಗೆ ಒಗ್ಗದೆ ಉಳಿದ ಹೊದಿಕೆಗಳು. ಹೆಸರು ಬಂದಂತೆ ವ್ಯಾಜ್ಯವೂ ಬಂತು. ತಮ್ಮ ವಿನ್ಯಾಸಗಳಿಂದ ಬಂದ ಹಣದಲ್ಲಿ ತಮಗೆ ಸಲ್ಲಬೇಕಾದುದು ಸಂದಿಲ್ಲವೆಂದು 2007ರಲ್ಲಿ ಕೆಲವು ಹೆಂಗಸರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ಅದು ಇತ್ಯರ್ಥವಾಯಿತು. ಹಳೆಯ ಸಹಕಾರ ಸಂಘ ಮಾತ್ರ ಕ್ರಮೇಣ ಸೊರಗಿ 2012ರಲ್ಲಿ ಬಾಗಿಲು ಮುಚ್ಚಿತು.

ಉತ್ತರ ಕನ್ನಡದ ಕವಂದಿ

ಕರ್ನಾಟಕದಲ್ಲಿಯೂ ಆಫ್ರಿಕಾ ಮೂಲದ ಹೆಂಗಸರು ಇಂಥದೇ ಹೊದಿಕೆ ಹೊಲಿಯುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ತಂದ ಗುಲಾಮರ ಸಂತತಿಯವರಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ನೆಲೆಸಿದ್ದಾರೆ. ಅವರ ‘ಕವಂದಿ’ಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಸಿದ ತ್ರಿಕೋನಗಳಿರುತ್ತವೆ. ಅಲಬಾಮಕ್ಕೂ ಯಲ್ಲಾಪುರಕ್ಕೂ ನೇರ ನಂಟು ಕಲ್ಪಿಸಬೇಕಾಗಿಲ್ಲ; ಬಡತನ, ಚಳಿ, ಹಳೆಯ ಬಟ್ಟೆ ಎರಡೂ ಕಡೆ ಇದ್ದವು. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಮತ್ತಿತರರ ನೆರವಿನಿಂದ ಸಿದ್ದಿ ಹೆಂಗಸರು ತಮ್ಮದೇ ಸಹಕಾರ ಕೂಟ ಮಾಡಿಕೊಂಡರು. 2011ರಲ್ಲಿ ಅವರ ಕವಂದಿಗಳು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಪ್ರದರ್ಶನಗೊಂಡವು.

ಇಂದು ಧಾರವಾಡ, ಬೆಂಗಳೂರಿನ ಕರಕುಶಲ ಮೇಳಗಳಲ್ಲಿ ಕೌದಿಯ ಬೆಲೆ ಕೇಳಿ ಹುಬ್ಬೇರಿಸುವವರಿದ್ದಾರೆ. ಹಳೆಯ ಬಟ್ಟೆಗೆ ಇಷ್ಟೇಕೆ ಎಂಬುದು ಅವರ ಪ್ರಶ್ನೆ. ಬಟ್ಟೆ ಹಳೆಯದು ನಿಜ. ಆದರೆ ಅಲ್ಲಿ ಕೇಳುತ್ತಿರುವುದು ಹೆಚ್ಚಾಗಿ ವಾರಗಟ್ಟಲೆ ಬಗ್ಗಿದ ಬೆನ್ನಿನ, ಸೋತ ಕಣ್ಣಿನ ಕೂಲಿ. ಮನೆಯೊಳಗೆ ಹೊಲಿದಾಗ ಆ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ವಿಲ್ಕಾಕ್ಸ್ ಕೌಂಟಿಯ ಹೆಂಗಸರು ಅದನ್ನು ಲೆಕ್ಕ ಪುಸ್ತಕದಲ್ಲಿ ಬರೆಸಿದರು. ಸಂಘ ಮುಚ್ಚಿದರೂ, ಅದರಿಂದ ನಿವೇಶನ ಪಡೆದ ಕುಟುಂಬಗಳಿಗೆ ಯಾರೂ ಎಬ್ಬಿಸಲಾಗದ ಸ್ವಂತ ನೆಲ ದಕ್ಕಿತ್ತು.