ರಾಯಚೂರು ಕೋಟೆಯ ಕಲ್ಲಿನ ಸ್ಲೈಡು

ಇವತ್ತಿನ ಕಂತನ್ನ ನನ್ನದೇ ಒಂದು ಸೋಲಿನಿಂದ ಶುರು ಮಾಡ್ತೀನಿ.

ನಾನು ದೇವದುರ್ಗದಾಕಿ. ಡಿಗ್ರಿ ಓದುವಾಗ ರಾಯಚೂರಿನಲ್ಲಿ ಒಂದು ಸೆಮಿನಾರ್ ಇತ್ತು. ಒಬ್ಬೊಬ್ಬರಿಗೆ ಐದೇ ನಿಮಿಷ. ನನ್ನ ವಿಷಯ ನಮ್ಮ ತಾಲ್ಲೂಕಿನ ಗಬ್ಬೂರಿನ ಹಳೇ ಗುಡಿಗಳು. 34 ಸ್ಲೈಡ್ ಮಾಡಿದ್ದೆ, ಎಲ್ಲದರಲ್ಲೂ ಇರುವೆ ಸಾಲಿನಂಗ ಅಕ್ಷರ. ಒಂಬತ್ತನೇದಕ್ಕೇ ಗಂಟೆ ಬಾರಿಸಿದ್ರು. ಗುಡಿಯ ಮೊದಲ ಫೋಟೋ ಇದ್ದದ್ದು ಹತ್ತನೇದರಲ್ಲಿ!

ಮಾನ್ವಿಯ ಗೆಳತಿ, "ಅಳಬ್ಯಾಡಲೇ, ಬಾ, ಕೋಟಿ ನೋಡಿ ಬರೋಣು" ಅಂತ ಬಸ್ ಸ್ಟ್ಯಾಂಡ್ ಹತ್ತಿರದ ಕೋಟೆಗೆ ಕರ್ಕೊಂಡು ಹೋದಳು.

ಅಲ್ಲಿಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಐತಿ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ದಂಡನಾಯಕ ವಿಠಲನಾಥ ಆದವಾನಿ, ತುಂಬಳ, ಮಾನುವ, ಹಾಲುವ ಕೋಟೆಗಳನ್ನು ಗೆದ್ದು, ರಾಯಚೂರಿನಲ್ಲಿ ಈ ಕೋಟೆ ಕಟ್ಟಿಸಿದ ಅಂತ ಅದು ಹೇಳುತ್ತದೆ. ಮಾನುವ ಅಂದ್ರ ಮಾನ್ವಿ. ಗೆಳತಿಗೆ ಖುಷಿಯೋ ಖುಷಿ.

ನನ್ನ ಕಣ್ಣು ನಿಂತದ್ದು ಅದೇ ಗೋಡೆಯ ಚಿತ್ರದ ಮೇಲೆ. ಉದ್ದನೆಯ ಬಂಡಿ, ಗಟ್ಟಿ ಗಾಲಿಗಳು, ಎಳೆಯುವ ಕೋಣಗಳ ಸಾಲು, ಬಾಲ ತಿರುವಿ ಓಡಿಸುವವರು, ಗಾಲಿಗೆ ಸನಿಕೆ ಕೊಟ್ಟು ದೂಡುವವರು. ಇಷ್ಟು ದೊಡ್ಡ ಕಲ್ಲು ಬಂದದ್ದು ಹ್ಯಾಂಗ ಅನ್ನೋದಕ್ಕೆ ಒಂದೇ ಚಿತ್ರದ ಉತ್ತರ. ಆ ಶಾಸನ ಓದೋರು ಇವತ್ತು ಎಷ್ಟು ಜನ? ಚಿತ್ರ ಮಾತ್ರ ಸಣ್ಣ ಹುಡುಗರಿಗೂ ತಿಳಿಯುತ್ತದೆ. ಇನ್ನೊಂದು ಮಾತು: ಅಕ್ಷರಗಳು ದಂಡನಾಯಕನನ್ನು ನೆನಪಿಟ್ಟವು. ಕಲ್ಲು ಎಳೆದವರನ್ನು ನೆನಪಿಟ್ಟದ್ದು ಚಿತ್ರ.

2003ರಲ್ಲಿ ಟೋಕಿಯೊದಲ್ಲಿ ಆಸ್ಟ್ರಿಡ್ ಕ್ಲೈನ್, ಮಾರ್ಕ್ ಡೈಥಮ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು 'ಪೆಚಾ ಕುಚಾ' ಶುರು ಮಾಡಿದರು. 20 ಚಿತ್ರ, ಒಂದೊಂದಕ್ಕೆ 20 ಸೆಕೆಂಡ್, ಒಟ್ಟು 6 ನಿಮಿಷ 40 ಸೆಕೆಂಡ್. ಸ್ಲೈಡ್ ತಾನೇ ಮುಂದಕ್ಕೆ ಹೋಗುತ್ತದೆ, ನಿಮಗಾಗಿ ಕಾಯೋದಿಲ್ಲ. ಹಾಗಾಗಿ ಏನು ಬಿಡಬೇಕು, ಯಾರನ್ನ ಉಳಿಸಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬರಬೇಕು.

ಮುಂದಿನ ಸಲ ನಾನು ಹತ್ತೇ ಸ್ಲೈಡ್ ಮಾಡಿದೆ, ಒಂದೊಂದಕ್ಕೆ ಅರ್ಧ ನಿಮಿಷ. ಮೊದಲನೇದರಲ್ಲಿ ಒಂದಕ್ಷರವೂ ಇರಲಿಲ್ಲ. ಗಬ್ಬೂರಿನ ಗುಡಿಯ ಅಂಗಳ, ಅಲ್ಲಿ ಕಸ ಗುಡಿಸುತ್ತಿದ್ದ ಒಬ್ಬ ಅಜ್ಜಿ, ಅಷ್ಟೇ. ಗಂಟೆ ಬಾರಿಸುವ ಮೊದಲೇ ಮುಗಿಸಿದೆ. ಆಮೇಲೆ ಮೂವರು ಬಂದು ಕೇಳಿದರು: "ಗಬ್ಬೂರಿಗೆ ಬಸ್ ಎಲ್ಲಿಂದ ಐತ್ರೀ?"

ನಿಮ್ಮೂರ ಬಗ್ಗೆ ಐದು ನಿಮಿಷ ಸಿಕ್ಕರೆ, ಮೊದಲ ಚಿತ್ರದಲ್ಲಿ ಯಾರಿರ್ತಾರ? ಯೋಚನೆ ಮಾಡ್ರಿ. ಮತ್ತೆ ಸಿಗೋಣು.