ಮಣ್ಣು ನಿಂತಿತು, ಮೀನು ಮರಳಿತು

ಗಾಳ ಹಾಕುವವರ ಅಚ್ಚುಮೆಚ್ಚಿನ ಟ್ರೌಟ್ ತಣ್ಣೀರಿನ ಮೀನು. ಹೊಳೆ ಬೆಚ್ಚಗಾದರೆ ಅದು ಬದುಕದು; ತಳದ ಬೆಣಚುಕಲ್ಲುಗಳನ್ನು ಹೂಳು ಮುಚ್ಚಿದರೆ ಮೊಟ್ಟೆಗಳು ಉಸಿರುಗಟ್ಟಿ ಸಾಯುತ್ತವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೂನ್ ಕಣಿವೆಯಲ್ಲಿ ಆದದ್ದು ಇದೇ. 19ನೇ ಶತಮಾನದಲ್ಲಿ ಬಂದು ನೆಲೆಸಿದ ರೈತರು ಗುಡ್ಡದ ಇಳಿಜಾರನ್ನು ಉತ್ತರು, ಕಡಿದಾದ ಕಾಡಿಗೆ ದನ ಬಿಟ್ಟರು. ಮಳೆನೀರು ಇಂಗದೆ ಮಣ್ಣನ್ನು ಹೊತ್ತು ಹೊಳೆಗೆ ಧುಮುಕಿತು. ಒರತೆಗಳು ಸೊರಗಿದವು, ಪ್ರವಾಹ ಹೆಚ್ಚಿತು, ಟ್ರೌಟ್ ವಿರಳವಾಯಿತು.

1933ರಲ್ಲಿ ಅಮೆರಿಕ ಸರ್ಕಾರ ತನ್ನ ಮೊದಲ ಜಲಾನಯನ ಮಣ್ಣು ಸಂರಕ್ಷಣಾ ಯೋಜನೆಗೆ ಈ ಕಣಿವೆಯನ್ನೇ ಆರಿಸಿತು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸವಿಲ್ಲದ ಯುವಕರು ಬೇಲಿ ಹಾಕಿದರು, ಸಸಿ ನೆಟ್ಟರು, ಕೊರಕಲುಗಳಿಗೆ ತಡೆ ಕಟ್ಟಿದರು. ನಾನೂರಕ್ಕೂ ಹೆಚ್ಚು ರೈತ ಕುಟುಂಬಗಳು ಇಳಿಜಾರಿಗೆ ಅಡ್ಡಲಾಗಿ ಉಳಲು, ಮೆಕ್ಕೆಜೋಳದ ನಡುವೆ ಹುಲ್ಲಿನ ಪಟ್ಟೆ ಬೆಳೆಸಲು, ಕಡಿದಾದ ಗುಡ್ಡಕ್ಕೆ ದನ ಬಿಡದಿರಲು ಒಪ್ಪಿದವು. ಕಷ್ಟಕಾಲದಲ್ಲಿ ಹಳೆಯ ರೂಢಿ ಬಿಡುವುದು ಸಣ್ಣ ಮಾತಲ್ಲ.

ಫಲ ಬರಲು ದಶಕಗಳೇ ಹಿಡಿದವು. ಮಳೆ ನೆಲಕ್ಕಿಂಗಿ ಒರತೆಗಳು ಚಿಮ್ಮಿದವು, ಹೊಳೆ ತಣ್ಣಗಾಯಿತು. ಇಂದು ಅಲ್ಲಿ ಟ್ರೌಟ್ ಸಹಜವಾಗಿಯೇ ಮರಿ ಮಾಡುತ್ತದೆ. ಆದರೂ 2018ರ ಮಹಾಮಳೆಗೆ ಅಲ್ಲಿನ ಕೆಲವು ಒಡ್ಡುಗಳು ಒಡೆದವು; ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ. ರೈತರು ಉಳಿಸಹೊರಟದ್ದು ಹೊಲದ ಮಣ್ಣನ್ನು; ಅದರ ಹಿಂದೆಯೇ ಹೊಳೆಯ ಮೀನೂ ಬಂತು.